ಊಹೆಯ ತೂಕ

ನಾವು ಆಡುವ ಮಾತುಗಳೆಲ್ಲವೂ ಕಣ್ಣಾರೆ ಕಂಡುದನ್ನೇ ಕುರಿತವಲ್ಲ. ಕಂಡ ಗುರುತಿನಿಂದ ಕಾಣದ ಸಂಗತಿಯನ್ನು ಊಹಿಸಿ ಹೇಳುವ ಮಾತುಗಳೂ ಬಹಳ. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇರಬೇಕು ಎನ್ನುತ್ತೇವೆ. ಹೀಗೆ ಊಹಿಸುವಾಗ ನಮ್ಮ ನಂಬಿಕೆ ಎಷ್ಟು ಗಟ್ಟಿಯಾದುದೆಂಬುದನ್ನೂ ಮಾತು ತಿಳಿಸಬೇಕು. ಇಂಗ್ಲಿಷಿನಲ್ಲಿ ಈ ಕೆಲಸವನ್ನು ಮಾಡುವವು ಮಸ್ಟ್, ಮೇ, ಮೈಟ್, ಕಾಂಟ್ ಮೊದಲಾದ ಸಣ್ಣ ಸಹಾಯಕ ಕ್ರಿಯಾಪದಗಳು.

ಮಸ್ಟ್ ಎಂದರೆ ‘ಬೇಕು’, ಮೇ ಎಂದರೆ ‘ಬಹುದು’ ಎಂದು ನಾವು ಬಾಯಿಪಾಠ ಮಾಡಿದ್ದೆವು. ‘ನೀನು ಓದಬೇಕು’ ಎಂಬಲ್ಲಿ ಅದು ವಿಧಿ. ‘ಒಳಗೆ ಬರಬಹುದು’ ಎಂಬಲ್ಲಿ ಅನುಮತಿ. ಇವೇ ಪದಗಳು ಊಹೆಯನ್ನೂ ಹೇಳುತ್ತವೆ ಎಂಬುದು ನನಗೆ ಮನದಟ್ಟಾದುದು, ಹಿರಿಯೂರು ತಾಲ್ಲೂಕಿನ ನಮ್ಮ ಆದಿವಾಲದಲ್ಲಿ ಹಿರಿಯರು ಆಡುತ್ತಿದ್ದ ಮಳೆಯ ಮಾತುಗಳಿಂದ.

ನಮ್ಮದು ಮಳೆ ಕಡಿಮೆಯಾದ ಸೀಮೆ. ವೇದಾವತಿ ನದಿಗೆ 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರವೇ ನಮ್ಮ ತಾಲ್ಲೂಕಿನ ಆಸರೆ. ಜನ ಅದನ್ನು ಮಾರಿಕಣಿವೆ ಎನ್ನುತ್ತಾರೆ. ಆ ನದಿಯ ಮೂಲವಿರುವುದು ದೂರದ ಬಾಬಾಬುಡನ್ ಬೆಟ್ಟಗಳಲ್ಲಿ. ಊರ ಮೇಲೆ ಒಂದು ಹನಿಯೂ ಬೀಳದೆ ಜಲಾಶಯದ ನೀರು ಏರಿದರೆ, ‘ಮೇಲೆ ಮಳೆಯಾಗಿರಬೇಕು’ ಎನ್ನುತ್ತಿದ್ದರು. ಇದೇ ಇಂಗ್ಲಿಷಿನ ‘ಮಸ್ಟ್ ಹ್ಯಾವ್’. ಬೇರಾವ ಕಾರಣವೂ ತೋರದಿದ್ದಾಗ ಮಾತ್ರ ಸಲ್ಲುವ ಮಾತು ಇದು. ಪಡುವಣದಲ್ಲಿ ಮೋಡ ಕವಿದರೆ ‘ಮಳೆ ಬರಬಹುದು’, ಇದು ಮೇ. ಮೋಡ ತೆಳುವಾಗಿದ್ದರೆ ‘ಬಂದರೆ ಬಂದೀತು’, ಇದು ಮೈಟ್. ಬಿಳಿಯ ಮೋಡವನ್ನು ನೋಡಿ ‘ಇದರಲ್ಲಿ ನೀರಿರಲಾರದು’ ಎಂದರೆ ಅದು ಕಾಂಟ್. ಇಲ್ಲೊಂದು ಸೂಕ್ಷ್ಮವುಂಟು. ‘ಇರಬೇಕು’ ಎಂಬ ಊಹೆಗೆ ಎದುರಾದುದು ‘ಇರಲಾರದು’ ಎಂಬುದೇ ಹೊರತು ‘ಇರಬಾರದು’ ಎಂಬುದಲ್ಲ. ಹಾಗೆಯೇ ಇಂಗ್ಲಿಷಿನಲ್ಲಿಯೂ ಸಾಮಾನ್ಯವಾಗಿ ಕಾಂಟ್ ಎನ್ನಬೇಕು. ಮಸ್ಟ್ ನಾಟ್ ಎಂದರೆ ‘ಕೂಡದು’ ಎಂಬ ಕಟ್ಟಪ್ಪಣೆಯಾಗುತ್ತದೆ.

ಈಚಿನ ವರ್ಷಗಳಲ್ಲಿ ಭದ್ರೆಯ ನೀರನ್ನೂ ಈ ಜಲಾಶಯಕ್ಕೆ ಹರಿಸಲಾಗಿದೆ. ಹೀಗಾಗಿ ನೀರು ಏರಿದುದನ್ನು ಕಂಡೊಡನೆ ‘ಮಳೆಯಾಗಿರಬೇಕು’ ಎನ್ನುವಂತಿಲ್ಲ, ‘ಆಗಿರಬಹುದು’ ಎನ್ನಬೇಕು. ಕಾರಣಗಳು ಹೆಚ್ಚಿದಂತೆ ಊಹೆಯ ತೂಕ ಇಳಿಯುತ್ತದೆ. ಜಲಾಶಯವು 1933ರಲ್ಲಿ ಕೋಡಿ ಬಿದ್ದಿತ್ತು. ಅನಂತರ ದಶಕಗಳೇ ಕಳೆದಾಗ ‘ಇನ್ನು ಬೀಳಲಾರದು’ ಎಂದವರುಂಟು, ‘ಎಂದಾದರೂ ಬಿದ್ದೀತು’ ಎಂದವರೂ ಉಂಟು. 2022ರಲ್ಲಿ, 89 ವರ್ಷಗಳ ಬಳಿಕ, ಕೋಡಿ ಬಿತ್ತು. ಅದನ್ನು ಕಂಡವರಿಗೆ ‘ಬಿದ್ದಿರಬೇಕು’ ಎಂಬ ಮಾತು ಬೇಕಾಗಲಿಲ್ಲ. ‘ಬಿದ್ದಿದೆ’ ಎಂದರೆ ಸಾಕಾಯಿತು. ಕಂಡುದಕ್ಕೆ ಊಹೆಯ ಪದವೇಕೆ?

ಈ ಪದಗಳನ್ನು ಅರಿತು ಬಳಸುವುದು ಪರೀಕ್ಷೆಗಷ್ಟೇ ಬೇಕಾದುದಲ್ಲ. ತರಗತಿಯಲ್ಲಿ ಒಬ್ಬರ ಲೇಖನಿ ಕಾಣದಾದಾಗ ‘ಅವನೇ ಕದ್ದಿರಬೇಕು’ ಎನ್ನುವುದು ಸುಲಭ. ‘ಎಲ್ಲಿಯೋ ಬಿದ್ದುಹೋಗಿರಬಹುದು’ ಎಂಬುದಕ್ಕೂ ಎಡೆಯಿರುವಾಗ ಆ ಮಾತು ಒಬ್ಬ ನಿರಪರಾಧಿಯ ಮನಸ್ಸನ್ನು ನೋಯಿಸೀತು. ‘ಬೇಕು’ ಎನ್ನುವಷ್ಟು ಆಧಾರವಿಲ್ಲದಲ್ಲಿ ‘ಬಹುದು’ ಎನ್ನುವುದು ಅಳುಕಲ್ಲ. ಅದು ಸತ್ಯಕ್ಕೆ ನಾವು ಸಲ್ಲಿಸುವ ಗೌರವ.