ಕುಂಡದ ಕಳ್ಳಿ

"ಕಳ್ಳಿ ಜಾತಿ ಸಾರ್, ಬಿಸಿಲು ಅದಕ್ಕೇನು ಹೊಸದಾ?" ಎನ್ನುತ್ತಲೇ ನರ್ಸರಿಯವರು ಸಕ್ಯುಲೆಂಟ್ ಮಾರುತ್ತಾರೆ. ಬದುವಿನ ಕಳ್ಳಿಗೆ ಹೊಸದಲ್ಲ, ನಿಜ. ಅದರ ಬೇರು ನೆಲದೊಳಗೆ ತಣ್ಣಗಿರುತ್ತದೆ. ಕಡೂರಿನ ತಾರಸಿಯ ಮೇಲೆ ಕಪ್ಪು ಪ್ಲಾಸ್ಟಿಕ್ ಕುಂಡದಲ್ಲಿ ಕೂತದ್ದಕ್ಕೆ ಸುತ್ತಲಿಂದಲೂ ಕಾವು. ಏಪ್ರಿಲ್ ಮಧ್ಯಾಹ್ನ ಆ ಕುಂಡ ಮುಟ್ಟಿ ನೋಡಿ, ಕೈ ತಾನಾಗಿ ಹಿಂದೆ ಬರುತ್ತದೆ. ಎಲೆ ಸುಡುವ ಮೊದಲೇ ಬೇರು ಬೆಂದಿರುತ್ತದೆ.

ಅಜ್ಜಂಪುರದ ನಮ್ಮಕ್ಕನ ಚಿಂತೆ ಬೇರೆ. "ಲೋಳೆಸರ ಇಟ್ಟಿಗೆ ಬಣ್ಣಕ್ಕೆ ತಿರುಗಿದೆ ಕಣೋ. ದಿನಾ ಒಂದು ಚೆಂಬು ನೀರು ಹಾಕ್ತಿದೀನಿ, ಆದ್ರೂ ಸುಧಾರಿಸ್ತಿಲ್ಲ."

"ಅಕ್ಕಾ, ಮೊದಲು ಆ ಚೆಂಬು ಕೆಳಗಿಡು."

ಕೆಂಪಾಗುವುದು ರೋಗವಲ್ಲ, ಬಿಸಿಲು ತಡೆಯಲು ಗಿಡ ತಾನೇ ಮಾಡಿಕೊಂಡ ಏರ್ಪಾಡು. ನೆರಳಿಗೆ ಸರಿಸಿದರೆ ಹಸಿರು ಮರಳುತ್ತದೆ. ಎಲೆಯ ಬುಡ ಮೆತ್ತಗಾಗಿ, ಒತ್ತಿದರೆ ನೀರು ಜಿನುಗಿದಾಗ ಹೆದರಬೇಕು. ಅಕ್ಕ ಕುಂಡಕ್ಕೆ ತುಂಬಿದ್ದು ಹೊಲದ ಎರೆಮಣ್ಣು. ತೇವ ಹಿಡಿದಿಡುವುದು ಹೊಲದಲ್ಲಿ ಅದರ ಗುಣ, ಕುಂಡದಲ್ಲಿ ಅದೇ ದೋಷ. ಅರ್ಧಕ್ಕರ್ಧ ಮರಳು, ಇಟ್ಟಿಗೆ ಚೂರು ಬೆರೆಸದೆ ಗತಿಯಿಲ್ಲ.

ಈ ಗಿಡಗಳ ಸಂಸಾರ ನಡೆಯುವುದು ರಾತ್ರಿ. ಹಗಲು ಎಲೆಯ ರಂಧ್ರ ಮುಚ್ಚಿ ನೀರು ಉಳಿಸುತ್ತವೆ, ಇರುಳು ತಂಪಾದ ಮೇಲೆ ತೆರೆದು ಗಾಳಿ ಎಳೆದುಕೊಳ್ಳುತ್ತವೆ. ರಾತ್ರಿಯೂ ಸೆಕೆ ಇಳಿಯದ ದಿನಗಳಲ್ಲಿ ಎಷ್ಟೋ ಜಾತಿಗಳು ಬೆಳವಣಿಗೆ ನಿಲ್ಲಿಸಿಬಿಡುತ್ತವೆ. ಆಗ ಸುರಿದ ನೀರು ಬೇರಿನ ಸುತ್ತ ನಿಂತು ಕೊಳೆಸುತ್ತದೆ, ಅಷ್ಟೇ. ಬಾಗಿಲ ಮೇಲೆ ತಲೆಕೆಳಗಾಗಿ ತೂಗಿಸಿದ ಲೋಳೆಸರಕ್ಕೆ ಯಾರು ನೀರು ಹಾಕಿದ್ದಾರೆ? ಅದು ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಮಣ್ಣು ಆಳದವರೆಗೆ ಒಣಗಿದ ಮೇಲೆ, ಸಂಜೆ ಹೊತ್ತು ಒಮ್ಮೆ ಚೆನ್ನಾಗಿ ನೆನೆಸಿದರೆ ಸಾಕು.

ತರೀಕೆರೆಯ ಚಿಕ್ಕಮ್ಮನಿಗೆ ಈ ಲೆಕ್ಕವೂ ಜಾಸ್ತಿ. ಅಡಿಕೆ ತೋಟದ ಅಂಚಿನ ಮನೆ. ನೆರಳು ಜರಡಿ ಹಿಡಿದಂತೆ ಬೀಳುತ್ತದೆ, ಗಾಳಿಯಲ್ಲೇ ತೇವ. ಅವರ ಕುಂಡಗಳು ನಮ್ಮವಕ್ಕಿಂತ ತಡವಾಗಿ ಒಣಗುತ್ತವೆ. ನಾನು ಕಡೂರಿನಲ್ಲಿ ತೆಂಗಿನ ಗರಿ ಹೆಣೆದು ಪಶ್ಚಿಮಕ್ಕೆ ತಡಿಕೆ ಕಟ್ಟುತ್ತೇನೆ, ಕುಂಡಗಳನ್ನು ಇಟ್ಟಿಗೆಯ ಮೇಲೆತ್ತಿಡುತ್ತೇನೆ. ಬೆಳಗಿನ ಎಳೆ ಬಿಸಿಲು ಅವಕ್ಕೆ ಇರಲಿ. ಮೂರು ಗಂಟೆಯದು ಯಾರಿಗೂ ಬೇಡ. ಹಸಿರು ನೆಟ್ ಅಂದವಾಗಿ ಕಾಣುತ್ತದೆ ಎನ್ನುವವರು ತಂದುಕೊಳ್ಳಲಿ, ತೆಂಗಿನ ಸೀಮೆಯಲ್ಲಿ ಗರಿಗೇನು ಬರ?

ಒಣ ಸೆಕೆಗೆ ಹಿಟ್ಟು ತಿಗಣೆ ಬರುತ್ತದೆ. ಎಲೆಯ ಸಂದಿಯಲ್ಲಿ ಹತ್ತಿ ಅಂಟಿದಂತಿದ್ದರೆ ಬೇವಿನೆಣ್ಣೆಗೆ ಸೋಪಿನ ನೀರು ಬೆರೆಸಿ ಬ್ರಷ್‌ನಲ್ಲಿ ಉಜ್ಜಬೇಕು, ಅದೂ ಸೂರ್ಯ ಮುಳುಗಿದ ಮೇಲೆ. ಇದರ ದೂರದ ನೆಂಟ ಕೊಚಿನೀಲ್ ಹುಳುವನ್ನು ಕೆಂಪು ಬಣ್ಣದ ಆಸೆಗೆ 1795ರಲ್ಲಿ ಬ್ರೆಜಿಲ್‌ನಿಂದ ತರಿಸಿದರು. ಬಂದದ್ದು ಬೇರೆ ಜಾತಿ. ಬಣ್ಣ ಸಿಗಲಿಲ್ಲ, ಪಾಪಾಸುಕಳ್ಳಿಯ ಪೊದೆಗಳು ಮಾತ್ರ ನೆಲಕಚ್ಚಿದವು. 1926ರಲ್ಲಿ ಇನ್ನೊಂದು ಜಾತಿಯ ಹುಳುವನ್ನು ಸಿಂಹಳದಿಂದ ಬೇಕೆಂದೇ ದಕ್ಷಿಣ ಭಾರತಕ್ಕೆ ತಂದು ಹೊಲ ನುಂಗುತ್ತಿದ್ದ ಪಾಪಾಸುಕಳ್ಳಿಯ ಮೇಲೆ ಬಿಟ್ಟರು. ಅಂದು ಹುಳು ಬಿಟ್ಟು ಕೊಲ್ಲಿಸಿದ ಗಿಡದ ಬಳಗವನ್ನೇ ಇಂದು ದುಡ್ಡು ಕೊಟ್ಟು ತಂದು ಹುಳು ತೆಗೆಯುತ್ತಿದ್ದೇವೆ.

ಬಿಸಿಲು ದಾಟಿಸಿದೆವು ಎಂದು ನಿರಾಳವಾಗುವ ಹೊತ್ತಿಗೇ ಭರಣಿ ಮಳೆ. ಊರೆಲ್ಲ ಹಿಗ್ಗಿ ಮೋಡ ನೋಡುವಾಗ ನಾನು ಕುಂಡಗಳನ್ನು ಸಜ್ಜದ ಕೆಳಗೆ ಸಾಗಿಸುತ್ತಿರುತ್ತೇನೆ. ಕಾದ ಮಣ್ಣಿಗೆ ನೀರು ಇಳಿದರೆ ಬುಡ ಕೊಳೆಯಲು ಎರಡು ದಿನ ಸಾಕು. ಅಕ್ಕನಿಗೂ ಫೋನ್ ಮಾಡಿ ಹೇಳುತ್ತೇನೆ. "ಮಳೆ ನೀರು ಒಳ್ಳೇದಲ್ವೇನೋ?" ಎನ್ನುತ್ತಾಳೆ.