ಅಂಚೆಯಲ್ಲಿ ಬಂದ ನಂಟು

ಸ್ವಂತ ಬದುಕಿನ ಸಣ್ಣಪುಟ್ಟ ಸಂಗತಿಗಳನ್ನು ಬರೆಯುವವನಿಗೆ ಸಿಗುವ ಸ್ನೇಹಿತರೇ ಬೇರೆ ಬಗೆಯವರು. ಕಾದಂಬರಿ ಓದಿದವರು ಪಾತ್ರಗಳ ಬಗ್ಗೆ ಚರ್ಚಿಸುತ್ತಾರೆ. ಪ್ರಬಂಧ ಓದಿದವರು, "ನಿಮ್ಮ ಮಂಡಿನೋವು ಈಗ ಹೇಗಿದೆ? ಆ ಬೂದು ಬೆಕ್ಕು ಮರಿ ಹಾಕಿತೆ?" ಎಂದು ಕೇಳುತ್ತಾರೆ. ಮುಖ ನೋಡಿದವರಲ್ಲ, ಎದುರು ಕೂತು ಮಾತಾಡಿದವರಲ್ಲ. ಆದರೂ ನಮ್ಮ ಹಿತ್ತಿಲ ಬಾವಿ ಯಾವ ತಿಂಗಳಲ್ಲಿ ಬತ್ತುತ್ತದೆ ಎಂಬುದು ಅವರಿಗೆ ಗೊತ್ತು. ನಮಗೋ, ಅವರ ಊರು ಮತ್ತು ಕೈಬರಹ ಬಿಟ್ಟರೆ ಬೇರೇನೂ ಗೊತ್ತಿಲ್ಲ.

ಕನ್ನಡದಲ್ಲಿ ಇದು ಹಳೆಯ ನಂಟು. ಗೊರೂರರ 'ಹಳ್ಳಿಯ ಚಿತ್ರಗಳು' ಬಂದದ್ದು 1930ರಲ್ಲಿ. ಹಾಸನದ ಕಡೆ ಕಾಲಿಡದವರಿಗೂ ಹೇಮಾವತಿ ತಮ್ಮೂರಿನ ಹೊಳೆಯೇ ಆಗಿಬಿಟ್ಟಿತು. ಮುಂದೆ 1956ರಲ್ಲಿ ಹುಬ್ಬಳ್ಳಿಯಿಂದ 'ಕಸ್ತೂರಿ', 1965ರಲ್ಲಿ ಬೆಂಗಳೂರಿನಿಂದ 'ಸುಧಾ', 1983ರಲ್ಲಿ ಮಣಿಪಾಲದಿಂದ 'ತರಂಗ' ಹೊರಟವು. ಓದುಗರ ಪತ್ರಗಳ ಪುಟದಲ್ಲಿ ಕೆಲವು ಹೆಸರುಗಳು ಎಷ್ಟು ಸಲ ಬರುತ್ತಿದ್ದವೆಂದರೆ, ಅವರೂ ನಮಗೆ ಲೇಖಕರಷ್ಟೇ ಪರಿಚಿತರಾಗಿದ್ದರು. ಒಂದು ಕಾರ್ಡಿಗೆ 15 ಪೈಸೆ. ಶಿವರಾಮ ಕಾರಂತರಂಥವರೇ ಓದುಗರಿಗೆ ಉತ್ತರ ಬರೆಯುತ್ತಾರೆಂಬ ಸುದ್ದಿ ಸಂಕೋಚದವರಿಗೂ ಧೈರ್ಯ ಕೊಟ್ಟಿತ್ತು.

ನಾನು ಸಾಗರದ ಕಡೆಯವನು. 1994ರಲ್ಲಿ ವಾರಪತ್ರಿಕೆಯೊಂದಕ್ಕೆ ನನ್ನ ಅಕ್ಕನ ಬಗ್ಗೆ ಬರೆದೆ. ಏಳನೆಯ ತರಗತಿಗೆ ಅವಳ ಶಾಲೆ ನಿಂತಿತ್ತು. ಅಡಿಕೆ ಸುಲಿಯುವ ಕಾಲ, ಮನೆಯಲ್ಲಿ ಕೈ ಸಾಲುತ್ತಿರಲಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಅವಳು ನನ್ನ ಪಠ್ಯಪುಸ್ತಕವನ್ನು ಒಲೆಯ ಬೆಳಕಿಗೆ ಹಿಡಿದು ಓದುತ್ತಿದ್ದಳು. ಇಷ್ಟೇ ಬರೆದದ್ದು. ನಲವತ್ತಕ್ಕೂ ಹೆಚ್ಚು ಪತ್ರ ಬಂದವು. "ನಮ್ಮ ಅಕ್ಕನೂ ಹೀಗೇ", "ನನ್ನ ಹೆಂಡತಿಯೂ ಹೀಗೇ" ಎಂದೆಲ್ಲ. ಒಂದರಲ್ಲಿ "ಆ ಹುಡುಗಿ ನಾನೇ" ಎಂದಷ್ಟೇ ಇತ್ತು, ಕೆಳಗೆ ಹೆಸರಿರಲಿಲ್ಲ.

ತವರಿಗೆ ಬಂದಿದ್ದ ಅಕ್ಕ ಆ ಪತ್ರಗಳನ್ನು ಒಂದೊಂದಾಗಿ ಓದಿ ಕಟ್ಟಿಟ್ಟಳು. ಆಮೇಲೆ ಕೇಳಿದಳು: "ನಾನು ಶಾಲೆ ಬಿಟ್ಟ ಸುದ್ದಿ ಊರಿಗೆಲ್ಲ ಯಾಕೆ ಮಾರಾಯ? ನಿನಗೆ ಸ್ನೇಹಿತರು ಬೇಕಾದರೆ ನಿನ್ನ ಕಥೆ ಹೇಳಿಕೋ."

ನನ್ನಲ್ಲಿ ಉತ್ತರವಿರಲಿಲ್ಲ. ಇಂಥದ್ದನ್ನು ಬರೆಯುವ ಯಾರಲ್ಲೂ ಇರಲಿಕ್ಕಿಲ್ಲ. ಸ್ವಂತದ್ದು ಎಂದು ನಾವು ಬರೆಯುವುದರಲ್ಲಿ ಮುಕ್ಕಾಲು ಪಾಲು ಮನೆಯವರದು, ನೆರೆಯವರದು. ಓದುಗರ ಪ್ರೀತಿ ಬರೆದವನ ವಿಳಾಸಕ್ಕೆ ಬರುತ್ತದೆ. ಸಂತೆಯಲ್ಲಿ ಯಾರಾದರೂ ತಿರುಗಿ ನೋಡಿದರೆ ತಲೆ ತಗ್ಗಿಸಬೇಕಾದವರು ಮನೆಯವರು.

ಹದಿನೈದು ದಿನದ ಮೇಲೆ ಗದಗಿನಿಂದ ಒಂದು ಇನ್‌ಲ್ಯಾಂಡ್ ಪತ್ರ ಬಂತು. ಆಗಿನ್ನೂ ಗದಗ ಧಾರವಾಡ ಜಿಲ್ಲೆಯಲ್ಲಿತ್ತು. ವಿಳಾಸ ನನ್ನದೇ, ಆದರೆ ಪತ್ರ ಅಕ್ಕನಿಗೆ. ಬರೆದವರು ನಿವೃತ್ತ ಶಿಕ್ಷಕಿ. ಅವರನ್ನು ಓದಿಸಲಿಕ್ಕೆಂದು ಅವರ ತಂಗಿಯನ್ನು ಶಾಲೆ ಬಿಡಿಸಿದ್ದರಂತೆ. ಆ ತಂಗಿ ಈಗ ಇರಲಿಲ್ಲ. ಈ ಮಾತನ್ನು ಬದುಕಿದ್ದಾಗ ಅವಳೊಂದಿಗೆ ಆಡಲಾಗಲಿಲ್ಲ, ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ ಎಂದಿದ್ದರು. ಕೊನೆಗೊಂದು ಪ್ರಶ್ನೆ: "ಓದಿದ ಅಕ್ಕನ ಮ್ಯಾಲೆ ಆಕೀಗೆ ಸಿಟ್ಟು ಇದ್ದಿರಬಹುದೇನವಾ?"

ಅಕ್ಕ ಒಂದು ವಾರ ಆ ಪತ್ರವನ್ನು ಟ್ರಂಕಿನಲ್ಲಿಟ್ಟಿದ್ದಳು. ಆಮೇಲೆ ನನ್ನ ಹತ್ತಿರ ಒಂದು ಇನ್‌ಲ್ಯಾಂಡ್ ಕೇಳಿದಳು. ಏನು ಬರೆದಳೋ, ನನಗೆ ತೋರಿಸಲಿಲ್ಲ, ನಾನು ಕೇಳಲೂ ಇಲ್ಲ.

ಅಲ್ಲಿಂದ ಹದಿನೇಳು ವರ್ಷ ಅವರಿಬ್ಬರ ನಡುವೆ ಪತ್ರ ನಡೆಯಿತು. ಗದಗಿನಿಂದ ಅಗಸಿ ಚಟ್ನಿಪುಡಿ, ಇಲ್ಲಿಂದ ಅಪ್ಪೆಮಿಡಿ ಉಪ್ಪಿನಕಾಯಿ. "ನಿಮ್ಮ ಕಡೆ ಅಪ್ಪೆಹುಳಿ ಅಂತೀರಲ್ಲ, ಅದು ಸಾರೋ ಪಾನಕವೋ?" ಎಂದು ಅವರು ಕೇಳುವುದು, ಅಕ್ಕ ಮೂರು ಪುಟ ವಿವರಿಸುವುದು. 1956ಕ್ಕೆ ಮೊದಲು ಗದಗ ಮುಂಬಯಿ ಪ್ರಾಂತ್ಯದಲ್ಲಿತ್ತು, ಸಾಗರ ಮೈಸೂರಿನಲ್ಲಿ. ನವೆಂಬರ್ 1ರಂದು ಎರಡೂ ಒಂದೇ ರಾಜ್ಯಕ್ಕೆ ಸೇರಿದವು ಎಂದು ಶಾಲೆಯಲ್ಲಿ ಕಲಿತಿದ್ದೆ. ಆದರೆ ಗದಗಿನ ಅಡುಗೆಮನೆಯ ಮಾತು ನಮ್ಮ ಅಡುಗೆಮನೆಯಲ್ಲಿ ಕೇಳಿಸಿದ್ದು ಈ ಪತ್ರಗಳು ಬಂದ ಮೇಲೆ. "ನಮ್ಮಂಥ ಹೆಣ್ಮಕ್ಕಳು" ಎಂದು ಅವರು ಬರೆಯುತ್ತಿದ್ದರು. ಆ "ನಮ್ಮಂಥ" ಎಂಬುದರಲ್ಲಿ ಓದಿ ಕೆಲಸಕ್ಕೆ ಹೋದವರೂ, ಓದು ಬಿಟ್ಟವಳೂ ಒಟ್ಟಿಗೇ ಇದ್ದರು. ನನಗೆ ಅದರಲ್ಲಿ ಜಾಗವಿರಲಿಲ್ಲ. ಪ್ರಬಂಧ ಬರೆದವನು ನಾನು, ಆದರೆ ಈ ಸ್ನೇಹದಲ್ಲಿ ನನ್ನದು ಪೋಸ್ಟ್‌ಮ್ಯಾನ್ ಕೆಲಸವಷ್ಟೇ.

ಅವರಿಬ್ಬರೂ ಭೇಟಿಯಾಗಲೇ ಇಲ್ಲ. ನಡುವೆ ಇದ್ದದ್ದು 200 ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು ದಾರಿ. ಅವರಿಗೆ ಮಂಡಿ ಕೈಕೊಟ್ಟಿತ್ತು, ಅಕ್ಕನಿಗೆ ಕೊಟ್ಟಿಗೆ ಬಿಟ್ಟು ಹೊರಡಲಾಗುತ್ತಿರಲಿಲ್ಲ. ಮನೆಗೆ ಫೋನು ಬಂದ ಮೇಲೂ, "ಅವರು ಮಾತಾಡಿದರೆ ಬೇರೆ ಯಾರೋ ಅನ್ನಿಸಿಬಿಟ್ಟರೆ?" ಎಂದು ಅಕ್ಕ ಕರೆ ಮಾಡಲಿಲ್ಲ.

2011ರಲ್ಲಿ ಅವರು ತೀರಿಕೊಂಡರು. ಅವರ ಮಗಳು ಸುದ್ದಿ ತಿಳಿಸಿದ್ದು ಅಕ್ಕನಿಗೆ, ನನಗಲ್ಲ. ಅಕ್ಕ ಅವತ್ತು ಸಂಜೆಯವರೆಗೂ ಯಾರ ಹತ್ತಿರವೂ ಮಾತಾಡಲಿಲ್ಲ. ಮರುದಿನ ಆ ಮಗಳಿಗೆ ಪತ್ರ ಬರೆಯಲು ಕೂತಳು. ಆ ಪತ್ರವ್ಯವಹಾರ ಈಗ ಮೊಬೈಲಿನಲ್ಲಿ ನಡೆದಿದೆ.

ಅಕ್ಕ ಅಂದು ಕೇಳಿದ ಪ್ರಶ್ನೆಗೆ ಇದೆಲ್ಲ ಉತ್ತರವಾಯಿತು ಎಂದು ನಾನು ಹೇಳುವುದಿಲ್ಲ. ಅವಳೂ ಹೇಳಿಲ್ಲ. ಆದರೆ ಹೋದ ವರ್ಷ ಅವಳಾಗಿಯೇ, "ಗದಗಿನವರ ಬಗ್ಗೆ ಬರಿ. ಹೆಸರು ಮಾತ್ರ ಹಾಕಬೇಡ" ಎಂದಳು. ಹಾಕಿಲ್ಲ. ಅಚ್ಚಿಗೆ ಹೋಗುವ ಮೊದಲು ಇದನ್ನು ಅವಳಿಗೆ ಕೊಟ್ಟೆ. ಕನ್ನಡಕ ಏರಿಸಿ ಓದಿ, ಎರಡು ವಾಕ್ಯ ಹೊಡೆದುಹಾಕಿದಳು. ಅವು ಇಲ್ಲಿಲ್ಲ.