ಜನಕಪುರಿಯಲ್ಲೇ ನಿಂತ ಹಡಗು

ಜನಕಪುರಿಗೂ ಸಮುದ್ರಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಕೇಳುವುದು ನ್ಯಾಯವೇ. ದಿಲ್ಲಿಯ ಪಡುವಣ ಭಾಗದಲ್ಲಿ 1970ರ ದಶಕದಲ್ಲಿ ಬೆಳೆದ ಈ ಬಡಾವಣೆಯಿಂದ ಕಡಲ ಕರೆ ನೂರಾರು ಹರದಾರಿ ದೂರ. ನಮಗೆ ನೀರೆಂದರೆ ಬೆಳಗಿನ ನಲ್ಲಿಯ ನೀರು. ಮಳೆಗಾಲದಲ್ಲಾದರೆ ಪಂಖಾ ರಸ್ತೆಯಲ್ಲಿ ನಿಲ್ಲುವ ನೀರು. ಆದರೂ ಕಳೆದ ಚಳಿಗಾಲದಲ್ಲಿ ನಾನೂ ನನ್ನಾಕೆಯೂ ಒಂದು ಸಮುದ್ರಯಾನ ಹೊರಟೆವು. ಆ ಯಾನ ಮುಗಿದದ್ದು ಮುಂಬಯಿಯಲ್ಲಲ್ಲ, ಗೋವೆಯಲ್ಲಲ್ಲ; ನಮ್ಮ ಸಿ ಬ್ಲಾಕಿನ ಕಮ್ಯುನಿಟಿ ಸೆಂಟರಿನಲ್ಲಿ. ಆ ಕಥೆ ಕೇಳಿ.

ನನ್ನಾಕೆ ಹಾಸನದವಳು. ಮದುವೆಯಾಗಿ ಮೂವತ್ತು ವರ್ಷ ದಿಲ್ಲಿಯ ಧೂಳು ಕುಡಿದವಳು. ಹಡಗಿನಲ್ಲಿ ಕುಳಿತು ಸೂರ್ಯ ಮುಳುಗುವುದನ್ನು ನೋಡಬೇಕೆಂಬ ಒಂದೇ ಆಸೆಯನ್ನು ಆಗಾಗ ಹೇಳುತ್ತಿದ್ದಳು, ನಾನು ಆಗಾಗ ಮರೆಯುತ್ತಿದ್ದೆ. ಡಿಸೆಂಬರಿನ ಒಂದು ಶನಿವಾರ ಮಗಳು ಮೊಬೈಲು ಹಿಡಿದು ಓಡಿಬಂದಳು.

"ಅಪ್ಪ, ಬರುವ ಶುಕ್ರವಾರ ಮುಂಬಯಿಯಿಂದ ಹಡಗು. ಗೋವೆಗೆ ಹೋಗಿ ಬರುವುದು, ಮೂರು ರಾತ್ರಿ. ಕೋಣೆಗಳು ಖಾಲಿ ಉಳಿದಿವೆಯಂತೆ, ಅರ್ಧ ಬೆಲೆಗೆ ಕೊಡುತ್ತಿದ್ದಾರೆ!"

ಇಬ್ಬರಿಗೆ 38,000 ರೂಪಾಯಿ. ಮಧ್ಯವರ್ತಿಗೆ ಫೋನು ಮಾಡಿದೆ. "ಒಂದು ವೇಳೆ ಹೋಗಲಾಗದಿದ್ದರೆ?" ಎಂದು ಕೇಳಿಯೂ ಕೇಳಿದೆ. "ಅದರ ಚಿಂತೆ ಬಿಡಿ ಸಾಹೇಬರೆ, ನಿಯಮದಂತೆ ವಾಪಸು ಸಿಗುತ್ತದೆ" ಎಂದ. ಅವನು ಸುಳ್ಳು ಹೇಳಲಿಲ್ಲ. ನಿಯಮದಂತೆ ಎಂದ, ನಿಯಮವೇನೆಂದು ನಾನು ಕೇಳಲಿಲ್ಲ. ಹಣ ಕಟ್ಟಿದೆ. ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ಕಾದು ಕುಳಿತು, ಗುರುವಾರದ ರಾಜಧಾನಿಗೆ ತತ್ಕಾಲ್ ಟಿಕೀಟನ್ನೂ ಪಡೆದೆ. ನನ್ನಾಕೆ ಎರಡು ದಿನ ಮುಂಚೆಯೇ ಕೋಡುಬಳೆ ಕರಿದಿಟ್ಟಿದ್ದಳು. ಹಡಗಿನಲ್ಲಿ ಊಟ ಕೊಡುತ್ತಾರೆಂದರೆ, "ಅವರ ಊಟ ಅವರಿಗೆ" ಎಂದಳು.

ಬುಧವಾರ ಸಂಜೆ ಹಾಸನದಿಂದ ಫೋನು. ಅತ್ತೆಯವರು ಬಚ್ಚಲಲ್ಲಿ ಜಾರಿಬಿದ್ದು ತೊಡೆಯ ಮೂಳೆ ಮುರಿದಿತ್ತು, ಶಸ್ತ್ರಕ್ರಿಯೆ ಆಗಬೇಕು. ನನ್ನಾಕೆ ಒಂದು ಮಾತೂ ಆಡದೆ ಪೆಟ್ಟಿಗೆಯಿಂದ ಹೊಸ ಸೀರೆಗಳನ್ನು ತೆಗೆದು ಹಳೆಯವನ್ನು ತುಂಬಿದಳು. ಮರುದಿನ ನಸುಕಿನಲ್ಲೇ ಎದ್ದು ಜನಕಪುರಿ ಪಶ್ಚಿಮದಿಂದ ಮೆಟ್ರೋ ಹಿಡಿದು ವಿಮಾನ ನಿಲ್ದಾಣಕ್ಕೆ, ಅಲ್ಲಿಂದ ಬೆಂಗಳೂರು, ಅಲ್ಲಿಂದ ಬಸ್ಸಿನಲ್ಲಿ ಹಾಸನ. ಶುಕ್ರವಾರ ಸೂರ್ಯ ಮುಳುಗಿದ್ದನ್ನು ಆಸ್ಪತ್ರೆಯ ಕಿಟಕಿಯಿಂದ ನೋಡಿದೆವು.

ಅತ್ತೆಯವರ ಶಸ್ತ್ರಕ್ರಿಯೆ ಸುಸೂತ್ರವಾಗಿ ನೆರವೇರಿತು. ಹದಿನೈದು ದಿನಗಳ ಮೇಲೆ ದಿಲ್ಲಿಗೆ ಮರಳಿ, ಟಿಕೀಟಿನ ನಿಯಮಾವಳಿಯನ್ನು ಹರಡಿಕೊಂಡು ಕುಳಿತೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಹಡಗಿನವರ ನಿಯಮ ಏಣಿಯ ಹಾಗೆ. ನನ್ನ ಟಿಕೀಟಿನಲ್ಲಿದ್ದುದು ಇದು: ಹೊರಡುವುದಕ್ಕೆ 30 ದಿನ ಮುಂಚೆ ರದ್ದು ಮಾಡಿದರೆ ಕಾಲು ಭಾಗ ಕಡಿತ, 15 ದಿನ ಮುಂಚೆಯಾದರೆ ಅರ್ಧ, ಅನಂತರ ಪೂರ್ತಿ. ದಿನಗಳ ಲೆಕ್ಕ ಒಂದೊಂದು ಹಡಗಿನದೂ ಒಂದೊಂದು ಬಗೆ. ಏಣಿ ಮಾತ್ರ ಎಲ್ಲರಲ್ಲಿಯೂ ಉಂಟು. ಆದರೆ ಆರು ದಿನ ಮುಂಚೆ ಟಿಕೀಟು ಕೊಂಡವನಿಗೆ ಏಣಿ ಎಲ್ಲಿ? ಹಣ ಕಟ್ಟಿದ ಗಳಿಗೆಯಲ್ಲೇ ನಾನು ಕೊನೆಯ ಮೆಟ್ಟಿಲಿನಿಂದಲೂ ಕೆಳಗಿದ್ದೆ. ಅತ್ತೆಯವರು ಬುಧವಾರ ಬಿದ್ದರೂ ಅಷ್ಟೆ, ಶನಿವಾರ ಸಂಜೆಯೇ ಬಿದ್ದಿದ್ದರೂ ಅಷ್ಟೆ. ನನ್ನ ಹಣ ಬರುತ್ತಿರಲಿಲ್ಲ.

ಮೊದಲು ಸಿಟ್ಟು ಬಂತು. ಯೋಚಿಸಿದಂತೆ ಸಿಟ್ಟು ಇಳಿಯಿತು. ಹಡಗು ಹೊರಟ ಮೇಲೆ ಖಾಲಿ ಕೋಣೆಗೆ ಮೂರು ಕಾಸಿನ ಬೆಲೆಯಿಲ್ಲ. ಮತ್ತೊಬ್ಬ ಗಿರಾಕಿಯನ್ನು ಹುಡುಕಲು ಹೊತ್ತಿಲ್ಲವೆಂದೇ ಅವರು ಅರ್ಧ ಬೆಲೆಗೆ ಇಳಿದದ್ದು. ಹೊತ್ತಿಲ್ಲವೆಂದೇ ಹಣ ಹಿಂತಿರುಗಿಸದಿರುವುದು. ಅಗ್ಗದ ಬೆಲೆಯೂ ವಾಪಸಿಲ್ಲದ ನಿಯಮವೂ ಒಂದೇ ತಾಯಿಯ ಮಕ್ಕಳು. ನಮ್ಮ ರೈಲಿನ ತತ್ಕಾಲ್ ಟಿಕೀಟಿನ ಜಾತಕವೂ ಇದೇ ಅಲ್ಲವೆ? ಸೀಟು ಖಚಿತವಾದ ಮೇಲೆ ನಾವಾಗಿ ರದ್ದು ಮಾಡಿದರೆ ಕಾಸೂ ಬರುವುದಿಲ್ಲ. ರೈಲೇ ರದ್ದಾದರೆ, ಅಥವಾ ಮೂರು ಗಂಟೆಗೂ ಮೀರಿ ತಡವಾಗಿ ನಾವು ಹತ್ತದಿದ್ದರೆ, ಆಗ ಮಾತು ಬೇರೆ. ಕೈಬಿಟ್ಟವರು ನಾವೋ ಅವರೋ ಎಂಬುದೇ ಮೊದಲ ಪ್ರಶ್ನೆ. ಕೈಬಿಟ್ಟವರು ಅವರಾದರೆ ಹಣವನ್ನೇ ಕೇಳಬೇಕು. ಮುಂದಿನ ಯಾನಕ್ಕೆ ಚೀಟಿ ಕೊಡುತ್ತೇವೆಂದರೆ ತಲೆಯಾಡಿಸುವ ಮುನ್ನ ಎರಡು ಸಲ ಯೋಚಿಸಬೇಕು.

ಸಿಟ್ಟಿಳಿದ ಕಣ್ಣಿನಿಂದ ಮತ್ತೊಮ್ಮೆ ಓದಿದಾಗ ಹದಿನಾಲ್ಕನೆಯ ಕಲಮು ಕಂಡಿತು. ಹಡಗು ಹತ್ತದ ಪ್ರಯಾಣಿಕನ ಬಂದರು ಶುಲ್ಕವನ್ನು ಹಿಂದಿರುಗಿಸಲಾಗುವುದು ಎಂದಿತ್ತು. ಟಿಕೀಟೆಂದರೆ ಒಂದೇ ಗಂಟಲ್ಲ. ಕೋಣೆಯ ಬೆಲೆ, ಬಂದರು ಶುಲ್ಕ, ತೆರಿಗೆ, ಮಧ್ಯವರ್ತಿಯ ಕೂಲಿ ಎಂದು ನಾಲ್ಕು ಗಂಟು. ಒಂದು ಹೋಯಿತೆಂದು ನಾಲ್ಕನ್ನೂ ಬಿಡಬೇಕಿಲ್ಲ. ನಮ್ಮ ಬಂದರು ಶುಲ್ಕ 3,400 ರೂಪಾಯಿ. ಮಧ್ಯವರ್ತಿಗೆ ಬರೆದೆ, ಹಡಗಿನವರನ್ನು ಕೇಳಿ ಎಂದ. ಹಡಗಿನವರಿಗೆ ಬರೆದೆ, ಮಧ್ಯವರ್ತಿಯನ್ನು ಕೇಳಿ ಎಂದರು.

ಇಲ್ಲಿಂದ ಮುಂದೆ ನಮ್ಮ ಯಾನ ಕಾಲ್ನಡಿಗೆಯದು. ಪಶ್ಚಿಮ ದಿಲ್ಲಿಯ ಜಿಲ್ಲಾ ಗ್ರಾಹಕ ಆಯೋಗವಿರುವುದು ನಮ್ಮ ಸಿ ಬ್ಲಾಕಿನ ಕಮ್ಯುನಿಟಿ ಸೆಂಟರಿನಲ್ಲೇ. ವರ್ಷಗಟ್ಟಲೆ ಅದರ ಮುಂದೆ ತರಕಾರಿ ಚೀಲ ಹಿಡಿದು ಹೋಗಿದ್ದೇನೆ, ಫಲಕವನ್ನು ಓದಿರಲಿಲ್ಲ. ಒಂದು ಬೆಳಿಗ್ಗೆ ಮಂಜಿನಲ್ಲಿ ಮಫ್ಲರು ಸುತ್ತಿಕೊಂಡು ಹೋದೆ. ಬಗಲಲ್ಲಿ ಕಡತ ಹಿಡಿದವರು ಕಾದಿದ್ದರು. ನಿವೃತ್ತ ವಕೀಲರೊಬ್ಬರು ಚಹಾ ಕುಡಿಯುತ್ತಾ ವಿವರಿಸಿದರು.

1986ರ ಹಳೆಯ ಕಾನೂನಿನಲ್ಲಿ ಎದುರು ಪಕ್ಷದವರ ಕಛೇರಿ ಇರುವಲ್ಲಿಗೋ, ವ್ಯಾಜ್ಯದ ಕಾರಣ ಹುಟ್ಟಿದಲ್ಲಿಗೋ ನಾವು ಹೋಗಬೇಕಿತ್ತು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ 2020ರ ಜುಲೈ 20ರಂದು ಜಾರಿಗೆ ಬಂದ ಮೇಲೆ, ನಾವು ವಾಸವಾಗಿರುವ ಊರಿನಲ್ಲೇ ದೂರು ಕೊಡಬಹುದು. ಹಡಗು ಮುಂಬಯಿಯದಾದರೇನು, ದೂರು ಜನಕಪುರಿಯದು! ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದಿಲ್ಲ. ಕಾರಣ ಹುಟ್ಟಿ ಎರಡು ವರ್ಷದೊಳಗೆ ಕೊಡಬೇಕು. "ಆದರೆ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಿ ನೋಡಿ. ಎಷ್ಟೋ ಜಗಳ ಅಲ್ಲೇ ಬಗೆಹರಿಯುತ್ತದೆ" ಎಂದರು. ಅಂತೆಯೇ ಮಾಡಿದೆ. ಟಿಕೀಟು, ನಿಯಮಾವಳಿ, ರದ್ದು ಮಾಡಿದ ಪತ್ರ, ಬಂದ ಉತ್ತರಗಳು, ಎಲ್ಲವನ್ನೂ ತಾರೀಖಿನೊಡನೆ ಕಳುಹಿಸಿದೆ. ತಿಂಗಳೊಳಗೆ 3,400 ರೂಪಾಯಿ ಖಾತೆಗೆ ಬಂತು. ಉಳಿದದ್ದು ಹೋಯಿತು, ನ್ಯಾಯವಾಗಿಯೇ ಹೋಯಿತು.

ಇದರಿಂದ ನಾನು ಕಲಿತದ್ದು ಸ್ವಲ್ಪವೇ. ದೂರದೇಶದಲ್ಲಿ ಸಂಸಾರ ಹೂಡಿ, ಊರಿನಲ್ಲಿ ಹಿರಿಯರನ್ನು ಬಿಟ್ಟುಬಂದ ನಮ್ಮಂಥವರಿಗೆ ಫೋನು ಯಾವ ಹೊತ್ತಿಗೆ ಬರುವುದೋ ಹೇಳಲಾಗದು. ಕೊನೆಯ ಗಳಿಗೆಯ ಅಗ್ಗದ ಟಿಕೀಟು ಕೊಳ್ಳುವಾಗ ಉಳಿಯುವ ಹಣವನ್ನಲ್ಲ, ಹೋದರೆ ತಾಳಬಲ್ಲೆವೇ ಎಂಬುದನ್ನು ಎಣಿಸಬೇಕು. ತಾಳಲಾಗದಿದ್ದರೆ ತಿಂಗಳುಗಳ ಮುಂಚೆ ಪೂರ್ತಿ ಬೆಲೆಗೆ ಕೊಳ್ಳುವುದೇ ಲೇಸು. ತಾರೀಖು ಬದಲಿಸಬಹುದೇ, ನಮ್ಮ ಬದಲು ಬೇರೆಯವರು ಹೋಗಬಹುದೇ, ಗಾಳಿಮಳೆಯಿಂದ ಹಡಗು ಒಂದು ಬಂದರನ್ನು ಬಿಟ್ಟರೆ ಏನು ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಬೇಕು. ಪ್ರಯಾಣ ವಿಮೆ ಮಾಡಿಸುವುದಾದರೆ 'ಕುಟುಂಬ' ಎಂಬ ಮಾತಿಗೆ ಅವರು ಕೊಟ್ಟ ಅರ್ಥದಲ್ಲಿ ಅತ್ತೆ ಮಾವಂದಿರು ಸೇರಿದ್ದಾರೆಯೇ ಎಂದು ನೋಡಬೇಕು. ಮೊದಲೇ ಇದ್ದ ಕಾಯಿಲೆಯನ್ನು ಬಿಟ್ಟಿದ್ದಾರೆಯೇ ಎಂದೂ ನೋಡಬೇಕು.

ಹಡಗಿನ ಸುದ್ದಿಯನ್ನು ಅತ್ತೆಯವರಿಗೆ ನಾವು ಹೇಳಿರಲಿಲ್ಲ. ಮಗಳು ಬಾಯಿಬಿಟ್ಟಳು. ಕೈಯಾಸರೆ ಹಿಡಿದು ಹಜಾರದಲ್ಲಿ ನಡೆಯುತ್ತಿದ್ದ ಮುದುಕಿ ಅಲ್ಲೇ ನಿಂತು ಫೋನಿನಲ್ಲಿ ಕೇಳಿದರು: "ನನ್ನ ಒಂದು ಕಾಲಿಗೆ ಅಷ್ಟು ದುಡ್ಡು ಸುರಿದಿರಾ? ಹೋಗಿ ಬನ್ನಿ. ಮುಂದಿನ ಸಲ ನಾನು ಬಚ್ಚಲಿಗೆ ಹುಷಾರಾಗಿ ಹೋಗುತ್ತೇನೆ."

ಈಗ ಮತ್ತೆ ಟಿಕೀಟು ನೋಡುತ್ತಿದ್ದೇವೆ, ಐದು ತಿಂಗಳು ಮುಂಚೆ. ನಾನು ಕೋಣೆಯ ಚಿತ್ರಗಳನ್ನು ನೋಡುತ್ತಿದ್ದರೆ ನನ್ನಾಕೆ ಕನ್ನಡಕ ಏರಿಸಿಕೊಂಡು ಕೇಳುತ್ತಾಳೆ: "ರೀ, ಚಿತ್ರ ಆಮೇಲೆ. ಇದರಲ್ಲಿ ಹದಿನಾಲ್ಕನೇ ಕಲಮು ಎಲ್ಲಿದೆ ತೋರಿಸಿ."